ಉತ್ತಮ ಆಟಗಾರನ ಮೊದಲ ವೀಳ್ಯ

ಹಾಕಿ ಎಂಬ ಆಟವನ್ನು ನಾನು ಜೀವಮಾನದಲ್ಲಿ ಒಂದೇ ಸಲ ನೋಡಿದ್ದು, ಅದೂ ಅತ್ತೆ ಮಲಗಿದ್ದ ಹೊತ್ತಿನಲ್ಲಿ ಹಿತ್ತಿಲ ಗೋಡೆಯ ಮೇಲಿಂದ ಕತ್ತು ಚಾಚಿ. ಆದರೆ ಆ ಆಟದಲ್ಲಿ ಯಾರು ಉತ್ತಮರು ಎಂಬ ಚರ್ಚೆಯನ್ನು ಮಾತ್ರ ಮೊದಲಿಂದ ಕೊನೆಯವರೆಗೆ ಕೇಳಿದ್ದೇನೆ. ಚರ್ಚೆ ನಡೆದದ್ದು ಚನ್ನಗಿರಿಯ ನಮ್ಮ ಮನೆಯ ಜಗಲಿಯ ಮೇಲೆ. ಚರ್ಚಿಸಿದವರಿಗೆಲ್ಲ ಮಂಡಕ್ಕಿ ಒಗ್ಗರಣೆ ಹಾಕಿ ಕೊಟ್ಟವಳು ನಾನು. ಹಾಗಾಗಿ ಈ ವಿಷಯದಲ್ಲಿ ಮಾತಾಡುವ ಹಕ್ಕು ಅಲ್ಲಿ ಕೂತಿದ್ದ ಗಂಡಸರಿಗಿಂತ ನನಗೆ ಒಂದು ಹಿಡಿ ಹೆಚ್ಚೇ ಇದೆ.

ಆಗ ಯುದ್ಧದ ಕಾಲ. ಸೀಮೆಎಣ್ಣೆಗೆ ಸಾಲು ನಿಲ್ಲಬೇಕಾಗಿತ್ತು. ಬಸ್ಸುಗಳು ಪೆಟ್ರೋಲು ಬಿಟ್ಟು ಇದ್ದಿಲು ತಿನ್ನುವುದನ್ನು ಕಲಿತಿದ್ದವು. ಅಂಥ ಹೊತ್ತಿನಲ್ಲಿ, ನಮ್ಮೂರಿಗೆ ಬಂದು ನೆಲೆಸಿದ್ದ ನಿವೃತ್ತ ಅಮಲ್ದಾರರೊಬ್ಬರಿಗೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂರಿನವರನ್ನು ಸೇರಿಸಿ ಹಾಕಿ ಆಡಿಸಬೇಕು ಎಂಬ ಹುಕಿ ಹುಟ್ಟಿತು. ಆಟದಿಂದ ಊರೂರ ನಡುವೆ ಸ್ನೇಹ ಬೆಳೆಯುತ್ತದೆ ಎಂದು ಅವರು ಹೇಳುತ್ತಿದ್ದರು. ಅಷ್ಟು ವರ್ಷ ಅಮಲ್ದಾರಿಕೆ ಮಾಡಿದವರು ಹಾಗೆ ನಂಬಿದ್ದರಲ್ಲ ಎಂದು ನನಗೆ ಈಗಲೂ ಆಶ್ಚರ್ಯ. ಗೆದ್ದ ಊರಿಗೆ ಒಂದು ದೊಡ್ಡ ಕಪ್, ಉತ್ತಮ ಆಟಗಾರನಿಗೆ ಅಂಗೈಯಲ್ಲಿ ಹಿಡಿಸುವ ಒಂದು ಚಿಕ್ಕ ಕಪ್, ಎರಡನ್ನೂ ತಮ್ಮ ಕೈಯಿಂದಲೇ ದುಡ್ಡು ಹಾಕಿ ತರಿಸಿಟ್ಟಿದ್ದರು.

ನನ್ನ ಯಜಮಾನರು ಚನ್ನಗಿರಿ ತಂಡದ ಹಾಫ್ ಬ್ಯಾಕ್. ಶಿವಮೊಗ್ಗದ ಹೈಸ್ಕೂಲಿಗೆ ಕಳಿಸಿದರೆ ಪರೀಕ್ಷೆಯನ್ನು ಅಲ್ಲೇ ಬಿಟ್ಟು ಆಟವನ್ನು ಮಾತ್ರ ಹೊತ್ತುಕೊಂಡು ಬಂದ ಎಂದು ಮಾವನವರು ಬಂದವರ ಮುಂದೆಲ್ಲ ಹೇಳುತ್ತಿದ್ದರು. ಮಾವನವರದು ಜವಳಿ ಅಂಗಡಿ. ಅಲ್ಲಿ ಇವರು ದಿನವಿಡೀ ಗಜಕಡ್ಡಿ ಹಿಡಿದು ಸೀರೆ ಅಳೆಯುವುದು, ಸಂಜೆ ಹಾಕಿ ಕೋಲು ಹಿಡಿದು ಮೈದಾನಕ್ಕೆ ಓಡುವುದು. ಸಾಧು ಮನುಷ್ಯ. ಗಿರಾಕಿ ಗಜಕ್ಕೆ ನಾಲ್ಕು ಬೆರಳು ಹೆಚ್ಚು ಕೇಳಿದರೆ ಆರು ಬೆರಳು ಬಿಟ್ಟು ಹರಿಯುವವರು. ಅಂಥವರ ಜೊತೆ ಸಂಸಾರ ಮಾಡುವುದು ಸುಖ ಎಂದು ಹೇಳುವವರು ಒಂದು ವಾರ ಮಾಡಿ ನೋಡಬೇಕು.

ನಾನು ನ್ಯಾಮತಿಯ ಹುಡುಗಿ, ಆ ಮನೆಗೆ ಎರಡನೇ ಸೊಸೆ. ಮನೆ ತುಂಬ ಜನ, ಉಗ್ರಾಣದ ಕೀಲಿ ಅತ್ತೆಯ ಸೊಂಟದಲ್ಲಿ. ಸಾರಿಗೆ ಉಪ್ಪು ಕಡಿಮೆಯಾದರೆ ಹೋಗಿ ಕೇಳಬೇಕು. ಕೇಳಿದರೆ, "ನಿಮ್ಮ ನ್ಯಾಮತ್ಯಾಗೆ ಉಪ್ಪು ಸುರಕೊಂಡು ಉಣ್ತಾರೇನವ್ವ?" ಎಂಬ ಮಾತು ಬರುತ್ತಿತ್ತು, ಆಮೇಲೆ ಉಪ್ಪು. ಮಾತು ಹಿಡಿಗಟ್ಟಲೆ, ಉಪ್ಪು ಚಿಟಿಕೆ. ಬಾವಿ ಮನೆಯಿಂದ ಅರ್ಧ ಬೀದಿ ಆಚೆ. ನನಗೆ ಹೊಡೆತ ಬಡಿತದ ಕಷ್ಟ ಏನೂ ಇರಲಿಲ್ಲ. ಆದರೆ ನನ್ನದು ಎನ್ನುವ ಒಂದು ಒಲೆ, ನಾನೇ ತೆಗೆದು ನಾನೇ ಮುಚ್ಚುವ ಒಂದು ಉಪ್ಪಿನ ಮಡಕೆ ಬೇಕು ಎಂಬ ಆಸೆ ಎಷ್ಟಿತ್ತೆಂದರೆ, ಕನಸಿನಲ್ಲಿ ಕೂಡ ಅದೇ ಬರುತ್ತಿತ್ತು.

ಆಟ ಮುಗಿದ ಸಂಜೆ ಆ ಆಸೆಗೆ ಕಾಲು ಬಂತು. ಹೊಳೆಯಾಚೆ ಯುದ್ಧದ ಸಾಮಾನು ಮಾಡುವ ಒಂದು ಕಾರ್ಖಾನೆ ಇತ್ತು. ಅದರ ದೊಡ್ಡ ಸಾಹೇಬನಿಗೆ ಹಾಕಿಯ ಹುಚ್ಚು. ತಂಡ ಕಟ್ಟಲು ಒಬ್ಬ ಒಳ್ಳೆಯ ಆಟಗಾರ ಬೇಕೆಂದು ತನ್ನ ಕೈಕೆಳಗಿನ ಒಬ್ಬ ಅಧಿಕಾರಿಯನ್ನು ಪಂದ್ಯ ನೋಡಲು ಕಳಿಸಿದ್ದ. ಅಧಿಕಾರಿ ಬೆಂಗಳೂರಿನವರು, ಬೂಟು ಹಾಕಿ ಟೈ ಕಟ್ಟಿದವರು. ಆದರೆ ಅವರನ್ನು ಹೊತ್ತ ಇದ್ದಿಲಿನ ಬಸ್ಸು ದಾರಿಯಲ್ಲಿ ಉಸಿರು ಬಿಟ್ಟು ಕೂತು, ಅವರು ಮೈದಾನ ಮುಟ್ಟುವ ಹೊತ್ತಿಗೆ ಗೋಲಿನ ಕಂಬ ಕಿತ್ತು ಕೊಂಡೊಯ್ಯುತ್ತಿದ್ದರು. ಕೊನೆಯ ಪಂದ್ಯದಲ್ಲಿ ನಮ್ಮೂರೂ ಹೊನ್ನಾಳಿಯೂ ಸಮಸಮವಾಗಿ, ದೊಡ್ಡ ಕಪ್ಪನ್ನು ಆರು ತಿಂಗಳು ಇಲ್ಲಿ ಆರು ತಿಂಗಳು ಅಲ್ಲಿ ಇಡುವುದೆಂದು ಆಗಲೇ ಒಪ್ಪಂದವಾಗಿತ್ತು. ಉಳಿದಿದ್ದದ್ದು ಚಿಕ್ಕ ಕಪ್ ಒಂದೇ.

ಅಧಿಕಾರಿಗಳು ಒಂದೇ ಮಾತಿನಲ್ಲಿ ಹೇಳಿಬಿಟ್ಟರು: "ನಾನು ಆಟ ನೋಡಿಲ್ಲ. ನೀವು ಯಾರನ್ನ ಉತ್ತಮ ಆಟಗಾರ ಅಂತೀರೋ ಅವರನ್ನ ನಾಳೆ ಮಧ್ಯಾಹ್ನದ ಬಸ್ಸಿಗೆ ಕರ್ಕೊಂಡು ಹೋಗ್ತೀನಿ. ಕೆಲಸ ಖಾಯಂ. ಎರಡು ಕೋಣೆ ಮನೆ ಕೊಡ್ತೀವಿ, ಒಳಗೇ ನಲ್ಲಿ ಇದೆ."

ಆ ಮಾತನ್ನು ಇವರು ಬಂದು ನನಗೆ ಹೇಳಿದಾಗ ನಾನು ಬೇರೆ ಏನನ್ನೂ ಕೇಳಲಿಲ್ಲ, ನಲ್ಲಿಯ ಮಾತನ್ನು ಮಾತ್ರ ಎರಡು ಸಲ ಹೇಳಿಸಿದೆ. ತಿರುಗಿಸಿದರೆ ನೀರು, ತಿರುಗಿಸಿದರೆ ನಿಲ್ಲುವುದು. ಅದೂ ಅಡುಗೆ ಮನೆಯಲ್ಲೇ.

"ನಿಮಗೇ ಕೊಡ್ತಾರೇನ್ರೀ?" ಎಂದೆ.

"ನೋಡಾಣ. ಎಲ್ರೂ ನನ್ ಹೆಸರೇ ಅಂತಾವ್ರೆ," ಎಂದು ನಾಚಿದರು. ನಾಚುವ ಹೊತ್ತೇ ಅದು?

ಆ ಕ್ಷಣದಿಂದ ನಮ್ಮ ಮನೆಯಲ್ಲಿ ಆಂಜನೇಯನಿಗೆ ಎರಡು ಹರಕೆ ಬಿದ್ದವು. ಇವರಿಗೆ ಕಪ್ ಸಿಗಲಿ ಎಂದು ನನ್ನದು. ಸಿಗದಿರಲಿ, ಮಗ ಮನೆ ಬಿಟ್ಟು ಹೋಗದಿರಲಿ ಎಂದು ಅತ್ತೆಯದು. ಇಬ್ಬರೂ ಒಂದೇ ದೇವರ ಗೂಡಿನ ಮುಂದೆ ನಿಂತು, ಒಬ್ಬರಿಗೊಬ್ಬರು ಕಾಣದ ಹಾಗೆ ಬೇಡಿಕೊಂಡೆವು.

ಮರುದಿನ ಬೆಳಗ್ಗೆ ಜಗಲಿ ತುಂಬಿತು. ಮಾವನವರು ಪಂದ್ಯದ ಕಮಿಟಿಯಲ್ಲಿದ್ದರು, ಮೈದಾನಕ್ಕೆ ನಮ್ಮ ಮನೆಯೇ ಹತ್ತಿರ. ನಾಲ್ಕೂರಿನ ಹಿರಿಯರು ರುಮಾಲು, ಕೋಟು, ಕೊಡೆ ಸಮೇತ ಬಂದು ಕೂತರು. ಮಧ್ಯದಲ್ಲಿ ಅಮಲ್ದಾರರು, ಅವರ ಪಕ್ಕ ಕುರ್ಚಿಯಲ್ಲಿ ಕಾರ್ಖಾನೆಯ ಅಧಿಕಾರಿಗಳು. ಆಟಗಾರರು ಕೆಳಗೆ ಅಂಗಳದಲ್ಲಿ ನಿಂತಿದ್ದರು. ಆಟ ಆಡಿದವರು ಕೆಳಗೆ, ಆಡದವರು ಮೇಲೆ, ಇದು ನಮ್ಮ ಕಡೆ ಎಲ್ಲ ವಿಷಯಕ್ಕೂ ಇರುವ ಪದ್ಧತಿ. ನಾನೂ ಅತ್ತೆಯೂ ಒಳಗಡೆ ಕಿಟಕಿಯ ಹಿಂದೆ. ಸಭೆಗೆ ಏನು ಬೇಕಾಗುತ್ತದೋ ನೋಡಿಕೊಳ್ಳಬೇಕಲ್ಲ, ಎಂದು ಅತ್ತೆ ತಮಗೆ ತಾವೇ ಹೇಳಿಕೊಂಡರು.

ಮೊದಲು ಹೊನ್ನಾಳಿಯ ಹಿರಿಯರು ಎದ್ದರು. "ಗೋಲು ಹೊಡೆದೋನು ಉತ್ತಮ. ನಮ್ಮ ಸೆಂಟರ್ ಫಾರ್ವರ್ಡು ಹೊಡೆದಷ್ಟು ಯಾರ್ ಹೊಡೆದಾರೆ ತೋರಿಸ್ರಿ."

"ಹೊಡೆದ ಸರಿ ಕಣ್ರೀ. ಚೆಂಡು ಕೊಟ್ಟೋರ್ಯಾರು?" ಎಂದರು ನ್ಯಾಮತಿಯವರು. "ಹೆಣ್ಣು ಗೊತ್ತು ಮಾಡಿದೋನ್ನ ಬಿಟ್ಟು ತಾಳಿ ಕಟ್ಟಿದೋನೇ ದೊಡ್ಡೋನು ಅಂದಂಗಾತು."

ನ್ಯಾಮತಿಯವರ ಅಭ್ಯರ್ಥಿ ಒಬ್ಬ ಬ್ಯಾಕ್. ಅವನು ಚೆಂಡನ್ನು ಕೋಲಿನಿಂದ ತಡೆದದ್ದಕ್ಕಿಂತ ಮೊಣಕಾಲ ಕೆಳಗಿನ ಮೂಳೆಯಿಂದ ತಡೆದದ್ದೇ ಹೆಚ್ಚು. ಅವರು ಅವನನ್ನು ಕರೆದು, ಪಂಚೆ ಎತ್ತಿಸಿ, ಆ ಕಾಲನ್ನೇ ಜಗಲಿಯ ಮೇಲೆ ಇಡಿಸಿದರು. ಸಭೆ ಬಾಗಿ ಬಾಗಿ ಬಾವು ನೋಡಿತು. ಒಬ್ಬರು ಒತ್ತಿಯೂ ನೋಡಿದರು. ಅವನು ಅಯ್ಯೋ ಎಂದದ್ದಕ್ಕೆ ನ್ಯಾಮತಿಯವರು ಹೆಮ್ಮೆಯಿಂದ ಸುತ್ತ ನೋಡಿದರು. ನನ್ನ ತವರೂರಿನವನೇ ಆದರೂ, ಆ ಕಾಲನ್ನು ಕಂಡು ನನಗೆ ಆವತ್ತು ಕರುಣೆಯೇ ಬರಲಿಲ್ಲ. ಬೇಗ ಕೆಳಗಿಳಿಸಿದರೆ ಸಾಕಿತ್ತು.

ಜಗಳೂರಿನ ತಂಡ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಬರುವಾಗ ದಾರಿಯುದ್ದಕ್ಕೂ ಬಸ್ಸು ತಳ್ಳಿ ಇದ್ದಿಲ ಮಸಿ ಬಳಿದುಕೊಂಡು, ಆಟಕ್ಕೆ ಮುಂಚೆಯೇ ಸುಸ್ತಾಗಿದ್ದರು. ಆದರೆ ಅವರ ಹಿರಿಯರೂ ಸುಮ್ಮನಿರಲಿಲ್ಲ. "ನಮ್ಮ ಗೋಲ್‌ಕೀಪರ್ ಕಡೆ ಬಂದಷ್ಟು ಚೆಂಡು ಯಾರ ಕಡೆ ಬಂದಾವು? ಎಲ್ಲಾರ್ಗಿಂತ ಹೆಚ್ಚು ಕೆಲಸ ಮಾಡಿದೋನು ಅವ್ನೇ."

"ಬಂದ ಚೆಂಡೆಲ್ಲಾ ಒಳಗೆ ಹೋದ್ವಲ್ರೀ!"

"ಹೋಗ್ಲಿ ಬಿಡ್ರಿ. ಬಾಗ್ಲು ಕಾಯೋನು ಬಂದೋರ್ನೆಲ್ಲ ಹೊರಗೆ ನಿಲ್ಸಿದ್ರೆ ಅದು ಮರ್ಯಾದೆನಾ?"

ಆ ಗೋಲ್‌ಕೀಪರ್ ಅಂಗಳದಲ್ಲಿ ನಿಂತು ಎಲ್ಲರಿಗಿಂತ ಜೋರಾಗಿ ನಕ್ಕ. ಹೊಲದ ಕೆಲಸದ ಗಟ್ಟಿ ಆಳು, ಕಿವಿಯ ಹಿಂದೆ ಇನ್ನೂ ಮಸಿ ಹಾಗೇ ಇತ್ತು. ನಾಚಿಕೆ ಎಂಬುದು ಅವನ ಹತ್ತಿರ ಸುಳಿದಂತೆ ಕಾಣಲಿಲ್ಲ.

ನಮ್ಮವರ ಪರವಾಗಿ ಒಬ್ಬ ವಕೀಲರು ಮಾತಾಡಿದರು. ಮೈದಾನದಲ್ಲಿ ಈತ ಓಡದ ಜಾಗವೇ ಇಲ್ಲ, ಚೆಂಡು ಎಲ್ಲೋ ಅಲ್ಲಿ ಈತ ಎಂದರು. ಅದು ನಿಜ, ನಾನೇ ಗೋಡೆಯ ಮೇಲಿಂದ ನೋಡಿದ್ದೆ. "ಇವ್ರೂರ ಮೈದಾನ, ಇವ್ರಿಗೆ ಗುಂಡಿ ಎಲ್ಲೈತೆ ಅಂತ ಗೊತ್ತು. ನಮ್ಮೋರು ಗುಂಡಿ ಹುಡುಕಾಕೇ ಅರ್ಧ ಆಟ ಕಳೆದ್ರು," ಎಂದು ಹೊನ್ನಾಳಿಯಿಂದ ಉತ್ತರ ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಒಳಗಿಂದ ಗೊಣಗಿದೆ. ಅತ್ತೆ ಕಣ್ಣು ಬಿಟ್ಟರು.

ಇಷ್ಟು ಹೊತ್ತು ಮಾತು ಹಾಕಿಯ ಸುತ್ತಮುತ್ತಲಾದರೂ ಇತ್ತು. ಮಂಡಕ್ಕಿ ಬಂದ ಮೇಲೆ ಅದೂ ತಪ್ಪಿತು. ಪ್ಲೇಗಿನ ವರ್ಷದಲ್ಲಿ ಯಾವ ಊರವರು ಯಾವ ಊರವರಿಗೆ ಜಾಗ ಕೊಡಲಿಲ್ಲ, ಯಾರ ಅಜ್ಜ ಯಾರ ಅಜ್ಜನನ್ನು ಕುದುರೆ ಮೇಲಿಂದ ಇಳಿಯದೆ ಮಾತಾಡಿಸಿದ, ಇಂಥವೆಲ್ಲ ಹೊರಗೆ ಬಂದವು. ಬಸವಾಪಟ್ಟಣದ ಒಂದು ಮದುವೆಯಲ್ಲಿ ಮೊದಲ ವೀಳ್ಯ ಹೊನ್ನಾಳಿಯವರಿಗೆ ಕೊಡದೆ ಚನ್ನಗಿರಿಯವರಿಗೆ ಕೊಟ್ಟದ್ದು ನ್ಯಾಯವೋ ಅನ್ಯಾಯವೋ ಎಂಬುದು ಬಹಳ ಹೊತ್ತು ನಡೆಯಿತು. ಆ ಮದುವೆಯ ಮದುಮಗನಿಗೆ ಆಗಲೇ ಮೊಮ್ಮಕ್ಕಳಿದ್ದರು. ಅಧಿಕಾರಿಗಳು ಕೈಗಡಿಯಾರ ನೋಡುತ್ತ, ಪಕ್ಕದವರನ್ನು, "ಇವರು ಯಾವ ಪಂದ್ಯದ ವಿಷಯ ಹೇಳ್ತಿದ್ದಾರೆ?" ಎಂದು ಮೆಲ್ಲಗೆ ಕೇಳಿದರು.

ವೀಳ್ಯದ ಮಾತು ಬಂದದ್ದರಿಂದಲೇ ಇರಬೇಕು, ಅಮಲ್ದಾರರಿಗೆ ಅದು ನೆನಪಾಯಿತು. ನಮ್ಮ ಸೀಮೆಯಲ್ಲಿ ಹತ್ತು ಜನರ ಮುಂದೆ ಕೊಡುವುದನ್ನು ಬರಿಗೈಯಲ್ಲಿ ಕೊಡುವಂತಿಲ್ಲ, ಎಲೆ ಅಡಿಕೆಯ ಜೊತೆಗೇ ಕೊಡಬೇಕು. ಹಿತ್ತಾಳೆ ತಟ್ಟೆ ತರಿಸಿದರು. ಅದರಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ, ನಡುವೆ ಆ ಚಿಕ್ಕ ಕಪ್. ಅಷ್ಟೇ, ಅಲ್ಲಿದ್ದ ಪ್ರತಿಯೊಬ್ಬರ ಬೆನ್ನೂ ನೆಟ್ಟಗಾಯಿತು. ತಟ್ಟೆಯಲ್ಲಿ ಇಟ್ಟ ಮೇಲೆ ಅದು ಆಟದ ಬಹುಮಾನವಾಗಿ ಉಳಿಯಲಿಲ್ಲ. ನಾಲ್ಕೂರಿನ ನಡುವಿನ ಮೊದಲ ವೀಳ್ಯವಾಯಿತು.

ಮೊದಲ ವೀಳ್ಯಕ್ಕೆ ಒಂದು ರೀತಿ ಇದೆ. ಕರೆದ ಕೂಡಲೇ ಹೋಗಿ ತೆಗೆದುಕೊಳ್ಳುವವನು ಹಸಿದವನು, ಮನೆತನ ಇಲ್ಲದವನು. ಕರೆದಾಗ ಹಿಂದೆ ಸರಿದು, ನನಗೇಕೆ, ಇನ್ನೊಬ್ಬರಿಗೆ ಕೊಡಿ ಎನ್ನಬೇಕು. ಆಗ ಕರೆದವರು ಮತ್ತೆ ಕರೆಯಬೇಕು, ಸುತ್ತಲಿದ್ದವರು ಒತ್ತಾಯ ಮಾಡಬೇಕು. ಕೊನೆಗೆ ಯಾರಾದರೂ ರಟ್ಟೆ ಹಿಡಿದು ಎಳೆದು ತಟ್ಟೆಯ ಮುಂದೆ ನಿಲ್ಲಿಸಬೇಕು. ಬೇಡ ಎಂದವನಿಗೂ ಗೊತ್ತು, ಬೇಕು ಎಂದು. ಕರೆದವನಿಗೂ ಗೊತ್ತು.

ಅಮಲ್ದಾರರು ಗಂಟಲು ಸರಿ ಮಾಡಿಕೊಂಡರು. "ಹೆಚ್ಚು ಜನ ಚನ್ನಗಿರಿ ಹಾಫ್ ಬ್ಯಾಕ್ ಹೆಸರು ಹೇಳಿದ್ದಾರೆ. ಬಾಪ್ಪಾ, ಬಂದು ತಗೋ."

ಕಿಟಕಿಯ ಸರಳನ್ನು ನಾನು ಎರಡೂ ಕೈಯಲ್ಲಿ ಹಿಡಿದಿದ್ದೆ. ದೇವರೇ, ಈ ಒಂದು ಸಲ ಈ ಮನುಷ್ಯನಿಗೆ ಮರ್ಯಾದೆ ಮರೆತುಹೋಗಲಿ ಎಂದು ಬೇಡಿಕೊಂಡೆ. ಓಡಿ ಬಂದು ಬಾಚಿಕೊಳ್ಳಲಿ. ಜನ ನಕ್ಕರೆ ನಗಲಿ, ನಾವು ನಾಳೆ ಇಲ್ಲಿ ಇರುವುದೇ ಇಲ್ಲವಲ್ಲ.

ಯಜಮಾನರು ಎರಡು ಹೆಜ್ಜೆ ಹಿಂದೆ ಹೋಗಿ ಕೈ ಮುಗಿದರು. "ನನಗ್ಯಾಕ್ರೀ? ಹೊನ್ನಾಳಿಯೋರು ನಮಗಿಂತ ಚಂದ ಆಡ್ಯಾರೆ. ಅವ್ರಿಗೆ ಕೊಡ್ರಿ."

ಈಗ ಹೊನ್ನಾಳಿಯ ಹಿರಿಯರು, "ಉಂಟೇನ್ರೀ? ನೀವೇ ತಗೋಬೇಕು," ಎನ್ನಬೇಕಿತ್ತು. ಅವರು ಮಂಡಕ್ಕಿ ಬೋಗುಣಿಯನ್ನು ಬಹಳ ಗಮನವಿಟ್ಟು ನೋಡತೊಡಗಿದರು. ಯಾರೂ ಒತ್ತಾಯ ಮಾಡಲಿಲ್ಲ, ಯಾರೂ ರಟ್ಟೆ ಹಿಡಿಯಲಿಲ್ಲ. ಮಗ ಅಂಗಡಿ ಬಿಟ್ಟು ಹೋಗುವುದು ಮಾವನವರಿಗೆ ಬೇಕಿರಲಿಲ್ಲ, ಅವರಿಗೂ ಬಾಯಿ ಬರಲಿಲ್ಲ.

ತಟ್ಟೆ ಹೊನ್ನಾಳಿಯ ಕಡೆ ತಿರುಗಿತು. ಅವರ ಸೆಂಟರ್ ಫಾರ್ವರ್ಡೂ ಮನೆತನದವನೇ ತಾನೆ? "ಅಯ್ಯೋ, ನ್ಯಾಮತಿಯೋರ ಕಾಲು ನೋಡ್ರಿ ಪಾಪ. ಅವ್ರಿಗೆ ಸಲ್ಲಬೇಕು," ಎಂದು ಹಿಂದೆ ಸರಿದು, ಯಾರಾದರೂ ಎಳೆಯುತ್ತಾರೆ ಎಂದು ರಟ್ಟೆಯನ್ನು ಸ್ವಲ್ಪ ಮುಂದೆ ಮಾಡಿಯೇ ನಿಂತ. ಯಾರೂ ಎಳೆಯಲಿಲ್ಲ. ನ್ಯಾಮತಿಯವನು ಬಾವು ಬಂದ ಕಾಲಲ್ಲೇ ಕುಂಟುತ್ತ ಹಿಂದೆ ಹೋಗಿ, "ನಮಗ್ಯಾಕ್ರೀ, ಜಗಳೂರೋರು ಅಷ್ಟು ದೂರದಿಂದ ಬಂದಾರೆ," ಎಂದ.

ಜಗಳೂರಿನ ಗೋಲ್‌ಕೀಪರ್ ಮುಂದಕ್ಕೆ ಕಾಲು ಇಟ್ಟೇಬಿಟ್ಟ. ಅವನು ನಿಜವಾಗಿ ತೆಗೆದುಕೊಳ್ಳುತ್ತಾನೆ ಎಂಬುದು ಅವನ ಮುಖದಲ್ಲೇ ಕಾಣುತ್ತಿತ್ತು. ಜಗಲಿಯ ಮೇಲೆ ಮೂರೂರಿನ ಉಸಿರು ಒಟ್ಟಿಗೇ ನಿಂತಿತು. ಎಲ್ಲರ ಕೈಲೂ ಗೋಲು ಹೊಡೆಸಿಕೊಂಡವನಿಗೆ ಮೊದಲ ವೀಳ್ಯ ಹೋದರೆ ಇನ್ನು ಮುಖ ಎತ್ತಿ ಓಡಾಡುವುದು ಹೇಗೆ?

"ತಡೀರಿ!" ಎಂದರು ಹೊನ್ನಾಳಿಯ ಹಿರಿಯರು. ಆಗ ಅವರಿಗೆ ಬಾಯಿ ಬಂತು. "ಮೊದಲ ವೀಳ್ಯ ಯಾವತ್ತಿದ್ರೂ ದೇವ್ರಿಗೆ. ಆಂಜನೇಯಸ್ವಾಮಿಗೆ ಇಟ್ಟುಬಿಡಾಣ. ಯಾರ್ದೂ ತಕರಾರು ಇರಾಕಿಲ್ಲ."

ಏನು ಹೇಳಲಿ, ಮೂರೂರಿನವರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸಮುದ್ರ ಹಾರಿದವನಿಗಿಂತ ಒಳ್ಳೆಯ ಆಟಗಾರ ಯಾರಿದ್ದಾನೆ ಎಂದರು ವಕೀಲರು. ಗದೆ ಹಿಡಿದ ಕೈಗೆ ಹಾಕಿ ಕೋಲು ಯಾವ ಲೆಕ್ಕ ಎಂದರು ನ್ಯಾಮತಿಯವರು. ನಾಲ್ಕೂರಿನ ಪಂದ್ಯದ ಉತ್ತಮ ಆಟಗಾರ ಆಂಜನೇಯನೆಂದು ಅಮಲ್ದಾರರು ಸಾರಿದರು. ಅವರ ಮುಖ ಸಪ್ಪಗಿತ್ತು, ಆದರೆ ಸ್ನೇಹ ಬೆಳೆದದ್ದು ಎಲ್ಲರಿಗೂ ಕಾಣುತ್ತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ದೇವರು ನಮ್ಮಿಬ್ಬರ ಹರಕೆಯನ್ನೂ ಕೇಳಿಸಿಕೊಂಡು, ಕಪ್ಪನ್ನು ತಾನೇ ಇಟ್ಟುಕೊಂಡ. ಅತ್ತೆ ನನ್ನ ಪಕ್ಕದಲ್ಲೇ ಕೆನ್ನೆ ಬಡಿದುಕೊಂಡು, "ನಮ್ಮಪ್ಪ ಕೈ ಬಿಡ್ಲಿಲ್ಲ ನೋಡು," ಎಂದರು.

ಅಧಿಕಾರಿಗಳು ಮಾತ್ರ ಇನ್ನೂ ಕುರ್ಚಿಯಲ್ಲೇ ಇದ್ದರು. "ಕಪ್ ದೇವರಿಗೆ, ಸಂತೋಷ. ನನ್ನ ಜೊತೆ ಬಸ್ಸು ಹತ್ತೋರು ಯಾರು?"

ಸಭೆಗೆ ಆ ವಿಷಯ ಮರೆತೇಹೋಗಿತ್ತು. ಒಬ್ಬರ ಮುಖ ಒಬ್ಬರು ನೋಡಿದರು.

"ಎರಡನೇ ಉತ್ತಮ ಆಟಗಾರ ಯಾರು, ಅವರನ್ನೇ ಕೊಡಿ," ಎಂದರು ಅವರು. ಪಾಪ, ಬೆಂಗಳೂರಿನವರು, ತಾವು ಕೇಳಿದ್ದು ಏನೆಂದು ಅವರಿಗೆ ತಿಳಿಯಲಿಲ್ಲ. ನಾಲ್ಕೂರು ಕೂತ ಸಭೆಯಲ್ಲಿ ಎದ್ದು ನಿಂತು ನಾನು ಎರಡನೆಯವನು ಎನ್ನುವುದಕ್ಕಿಂತ ಬಾವಿಗೆ ಹಾರುವುದು ಮೇಲು. ಹೊನ್ನಾಳಿಯವನು ಆಕಾಶ ನೋಡಿದ. ನ್ಯಾಮತಿಯವನು ಕಾಲು ನೋಡಿಕೊಂಡ. ನಾನು ಕಿಟಕಿಯಲ್ಲಿ ಬಳೆ ಆಡಿಸಿದೆ, ಒಮ್ಮೆ ಕೆಮ್ಮಿದೆ, ಕೊನೆಗೆ ಸರಳಿಗೆ ಸೌಟಿನಿಂದ ಬಡಿದೆ. ಯಜಮಾನರು ತಲೆ ಎತ್ತಿ ನನ್ನನ್ನು ನೋಡಿದರು. ನೋಡಿ ಮತ್ತೆ ತಲೆ ತಗ್ಗಿಸಿದರು.

"ನಾ ಬರ್ತೀನ್ರೀ," ಎಂದ ಜಗಳೂರಿನ ಗೋಲ್‌ಕೀಪರ್. "ಎರಡನೇದೋ ಹತ್ತನೇದೋ ನೀವೇ ಬರ್ಕಳ್ರಿ. ಮನೆಯಾಗೆ ನಲ್ಲಿ ಐತೆ ಅಂದ್ರಲ್ಲಾ, ನಮ್ಮಾಕೆ ಒಂದು ಕೊಡ ನೀರಿಗೆ ಊರಾಚೆ ಹೋಗಿ ಬರ್ತಾಳೆ."

ಜಗಲಿ ಗೊಳ್ಳೆಂದು ನಕ್ಕಿತು. ಮಾನಗೇಡಿ ಎಂದು ಯಾರೋ ಅಂದರು. ಅವನೂ ಅವರ ಜೊತೆ ನಕ್ಕು, ಅಧಿಕಾರಿಗಳ ಪೆಟ್ಟಿಗೆಯನ್ನು ಎತ್ತಿ ಹೆಗಲ ಮೇಲೆ ಇಟ್ಟುಕೊಂಡ. ಬಸ್ಸು ಹೊರಡಲು ತಳ್ಳಬೇಕಾಯಿತು. ಯಜಮಾನರೂ ಹೋಗಿ ತಳ್ಳಿ ಬಂದರು.

ಅವರು ಕೈಕಾಲು ತೊಳೆದು ಊಟಕ್ಕೆ ಬಂದು ಕೂತಾಗ ಅಡುಗೆ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಅತ್ತೆ ಗುಡಿಗೆ ಕಾಯಿ ಒಡೆಸಲು ಹೋಗಿದ್ದರು. ಎರಡು ರೊಟ್ಟಿ, ಪಲ್ಯ ಬಡಿಸಿ, ಎದುರಿಗೆ ನಿಂತು ಕೇಳಿದೆ.

"ಯಾಕ್ರೀ ಬ್ಯಾಡ ಅಂದ್ರಿ?"

ಅವರು ರೊಟ್ಟಿ ಮುರಿದರು. "ಇನ್ನೊಂದ್ಸಲ ಕರೀತಾರೆ ಅನ್ಕಂಡಿದ್ದೆ," ಎಂದರು.

ಆ ಮಾತಿಗೆ ನನಗೆ ಸಿಟ್ಟು ಬಂತು. ಆ ಮನುಷ್ಯನ ಮುಖ ನೋಡಿ ಕನಿಕರವಾದದ್ದೂ ನಿಜ. ಎರಡೂ ರೊಟ್ಟಿ ಮುಗಿದವು. ಬೆಳಗ್ಗಿನಿಂದ ಬಿಸಿಲಲ್ಲಿ ನಿಂತು, ಬಸ್ಸು ತಳ್ಳಿ ಬಂದವರಿಗೆ ಎರಡು ಎಲ್ಲಿ ಸಾಲುತ್ತದೆ? ಬುಟ್ಟಿ ಹಿಡಿದು, "ಇನ್ನೊಂದು ಹಾಕ್ಲಾ?" ಎಂದೆ.

"ಬ್ಯಾಡ, ಸಾಕು," ಎಂದು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು.

ನಾನು ಬುಟ್ಟಿಗೆ ಬಟ್ಟೆ ಮುಚ್ಚಿ ಗೋಡೆಯ ಕಡೆ ಸರಿಸಿದೆ.

ಅವರು ಕೈಯನ್ನು ತಟ್ಟೆಯ ಮೇಲೆ ಹಾಗೇ ಹಿಡಿದು ಕೂತಿದ್ದರು. ನಾನು ಒಲೆಯ ಬೂದಿ ಕೆದಕಿದೆ, ತಂಬಿಗೆ ತೊಳೆದೆ, ತಿರುಗಿ ನೋಡಲಿಲ್ಲ. ಹೊರಗೆ ಯಾರೋ ಜಗಲಿ ಗುಡಿಸುವ ಸದ್ದು ಕೇಳುತ್ತಿತ್ತು. ತುಂಬ ಹೊತ್ತಿನ ಮೇಲೆ ಹಿಂದಿನಿಂದ ಸಣ್ಣ ದನಿ ಬಂತು.

"ಹಸಿವಾಗೈತೆ ಕಣೇ. ಇನ್ನೊಂದು ಕೊಡು."

"ಇಷ್ಟನ್ನ ಅವಾಗ್ಲೇ ಅನ್ನಾಕೆ ಏನಾಗಿತ್ರೀ ನಿಮಗೆ?" ಎಂದೆ. ಎಂದು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಅಳುತ್ತಲೇ ಬುಟ್ಟಿ ಎಳೆದು ಎರಡು ರೊಟ್ಟಿ ಹಾಕಿದೆ, ಅವರು ತಲೆ ಎತ್ತದೆ ಎರಡನ್ನೂ ತಿಂದರು.